ಆಣೆರಾಯನ ಮೈಕು

ಆಣೆರಾಯ ಸುಳ್ಳ. ಇದರಲ್ಲಿ ಎರಡು ಮಾತಿಲ್ಲ. ಕೆಲವರು ಲಾಭಕ್ಕೆ ಸುಳ್ಳು ಹೇಳುತ್ತಾರೆ, ಕೆಲವರು ಹೆದರಿ ಹೇಳುತ್ತಾರೆ; ಇವನು ಕುಳಿತಲ್ಲಿಂದ ಏಳುವ ಶ್ರಮ ಉಳಿಸಲು ಹೇಳುತ್ತಿದ್ದ. ಹೇಳಿ ಸುಮ್ಮನಾಗಿದ್ದರೆ ಲೋಕ ಹೇಗೋ ಸಹಿಸಿಕೊಳ್ಳುತ್ತಿತ್ತು. ಆದರೆ ಪ್ರತಿ ಸುಳ್ಳಿನ ತಲೆಗೂ ಒಂದು ಆಣೆಯ ಟೋಪಿ ತೊಡಿಸಿ ಕಳಿಸುವುದು ಅವನ ಚಟ. "ಮೇಲಿನ ನಲ್ಲಿ ನಿಲ್ಲಿಸಿದ್ರಾ?" ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದರೆ, ಕುರ್ಚಿಯಿಂದ ಅಲ್ಲಾಡದೆ "ನಿನ್ನಾಣೆ ನಿಲ್ಲಿಸಿದೀನಿ" ಎನ್ನುತ್ತಿದ್ದ. ಅಷ್ಟರಲ್ಲಿ ತಾರಸಿಯ ತೊಟ್ಟಿ ತುಂಬಿ, ನೀರು ಒಂದೊಂದೇ ಮೆಟ್ಟಿಲಿಳಿದು, ಪಡಸಾಲೆಗೆ ಬಂದು ಅವನ ಹೆಬ್ಬೆರಳನ್ನು ಮುಟ್ಟುತ್ತಿತ್ತು. ಆಗಲೂ ಅವನು ಕಾಲನ್ನು ಮೇಲೆತ್ತಿಕೊಳ್ಳುತ್ತಿದ್ದನೇ ಹೊರತು ಮಾತನ್ನು ಹಿಂತೆಗೆದುಕೊಳ್ಳುತ್ತಿರಲಿಲ್ಲ. "ಕಣ್ಣಾಣೆ, ಇದು ಪಕ್ಕದ ಮನೆ ನೀರು."

ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಮೂಲೆ ಸೇರಿ, ಊರಿಗೆಲ್ಲ ಅವನು ಆಣೆರಾಯನಾದ. ಅವನ ಬಳಿ ಆಣೆಗಳ ದೊಡ್ಡ ದಾಸ್ತಾನೇ ಇತ್ತು: ಕಣ್ಣಾಣೆ, ಹೊಟ್ಟೆಯಾಣೆ, ಹೆತ್ತವರಾಣೆ, ಎದುರಿಗೆ ನಿಂತವರಾಣೆ. ಹೆಚ್ಚು ಸವೆದದ್ದು ಬಾಮೈದನ ಆಣೆ. ಬಾಮೈದ ದೂರದ ಊರಿನಲ್ಲಿ ಗುಂಡುಕಲ್ಲಿನ ಹಾಗಿದ್ದ. ಅವನಿಗೆ ಏನಾದರೂ ಆದರೆ ಸುದ್ದಿ ಬರುವುದೇ ತಡ, ಬಂದರೂ ಅಂಥ ನಷ್ಟವೇನಲ್ಲ ಎಂಬುದು ಆಣೆರಾಯನ ಲೆಕ್ಕ. ಅತ್ತೆಯ ಮೇಲೂ ಬಹಳ ವರ್ಷ ಆಣೆ ಹಾಕಿದ. ಆಕೆ ಅಷ್ಟೂ ಆಣೆಗಳನ್ನು ಜೀರ್ಣಿಸಿಕೊಂಡು, ತುಂಬು ವಯಸ್ಸಿನಲ್ಲಿ, ಅಳಿಯನನ್ನು ಬೈಯುತ್ತಾ ನೆಮ್ಮದಿಯಾಗಿ ಕಣ್ಣುಮುಚ್ಚಿದರು.

ಹೆಂಡತಿಯ ವಿಷಯ ಬೇರೆ. ಆಕೆಗೆ ಅರ್ಧತಲೆನೋವು. ಬಂದರೆ ಕಿಟಕಿ ಮುಚ್ಚಿ, ಹಣೆಗೆ ಒದ್ದೆ ಬಟ್ಟೆ ಕಟ್ಟಿ, ದಿನವಿಡೀ ಗೋಡೆಯ ಕಡೆ ಮುಖ ಮಾಡಿ ಮಲಗಬೇಕು. ಇದು ಗಂಡನ ಸುಳ್ಳಾಣೆಯ ಫಲ ಎಂದು ಆಕೆ ಒಂದು ದಿನ ಕಂಡುಕೊಂಡಳು. ಅವನು ತಲೆಯ ಮೇಲೆ ಕೈಯಿಟ್ಟದ್ದು ಎಡಗಡೆ, ನೋವು ಬಂದದ್ದೂ ಎಡಗಡೆ. ಇದಕ್ಕಿಂತ ಬೇರೆ ಪುರಾವೆ ಬೇಕೆ?

"ಇನ್ನುಮುಂದೆ ನನ್ನ ತಲೆ ಮುಟ್ಟಿದ್ರೆ ನೋಡಿ," ಎಂದು ಸೌಟು ತೋರಿಸಿದಳು. "ಕಂಡಕಂಡಿದ್ದನ್ನೆಲ್ಲ ನೇತುಹಾಕೋಕೆ ನನ್ನ ತಲೆ ಏನು ಗೋಡೆ ಗೂಟಾನಾ?"

"ಇಲ್ಲ ಕಣೇ. ನಿನ್ನಾಣೆ, ಇನ್ಮೇಲೆ ನಿನ್ನಾಣೆ ಹಾಕಲ್ಲ."

ಸೌಟು ಬಿತ್ತು. ಅಂದಿನಿಂದ ಆ ತಲೆಯೊಂದು ದಾಸ್ತಾನಿನಿಂದ ಹೊರಗಾಯಿತು. ತಲೆನೋವೂ ಕಡಿಮೆಯಾಯಿತು. ಅದೇ ಹೊತ್ತಿಗೆ ಆಕೆ ಹೊಸ ಕನ್ನಡಕ ಕೊಂಡದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆಣೆರಾಯನಿಗೆ ಪುರಭವನದಲ್ಲಿ ಕೆಲಸ. ಕುರ್ಚಿ ಹಾಕುವುದು, ಕುರ್ಚಿ ತೆಗೆಯುವುದು, ಪರದೆಯ ಹಗ್ಗ ಎಳೆಯುವುದು, ಅದು ಅರ್ಧದಲ್ಲಿ ಸಿಕ್ಕಿಕೊಂಡಾಗ ಏಣಿ ಹತ್ತುವುದು, ಮೈಕಿನ ಮುಂದೆ ನಿಂತು "ಹಲೋ, ಹಲೋ" ಎನ್ನುವುದು. ಭಾಷಣ ಮಾಡಲು ಬಂದವರಿಗಿಂತ ಅವನ "ಹಲೋ"ದಲ್ಲಿಯೇ ಹೆಚ್ಚು ಗಾಂಭೀರ್ಯವಿತ್ತು. ದೇವರು ಆ ಮನುಷ್ಯನಿಗೆ ಮೋರೆ ಕೊಡಲಿಲ್ಲ, ನಿಲುವು ಕೊಡಲಿಲ್ಲ, ಸತ್ಯವನ್ನಂತೂ ಕೊಡಲೇ ಇಲ್ಲ; ಉಳಿದದ್ದನ್ನೆಲ್ಲ ಗಂಟಲಿಗೆ ಸುರಿದಿದ್ದ. ಹಿಂದೊಮ್ಮೆ ಧ್ವಜದ ದಿನ, ಆಗಿನ ಮುಖ್ಯಾಧಿಕಾರಿಗೆ ನೆಗಡಿಯಾಗಿ ದನಿ ಬಿದ್ದುಹೋಯಿತು. ಅವರು ಪಕ್ಕದಲ್ಲಿ ವೈರು ಹಿಡಿದು ನಿಂತಿದ್ದ ಆಣೆರಾಯನ ಕೈಗೆ ಮೈಕು ತುರುಕಿ, "ನೀನೇ ಹೇಳಿಕೊಡೋ" ಎಂದು ಸನ್ನೆ ಮಾಡಿದರು. ಅವನು ಹೇಳಿಕೊಟ್ಟ. ಕಂಬದ ಮೇಲಿನ ಪಾರಿವಾಳಗಳು ಕೂಡ ಎದ್ದು ಹೋಗಲಿಲ್ಲ. ಅಂದಿನಿಂದ ಪ್ರತಿಜ್ಞೆ ಹೇಳಿಕೊಡುವ ಕೆಲಸ ಅವನದೇ ಆಯಿತು.

ಆ ಮೈಕೇ ಅವನ ಸರ್ವಸ್ವ. ಅದನ್ನು ಕರವಸ್ತ್ರದಲ್ಲಿ ಸುತ್ತಿ, ಕರವಸ್ತ್ರವನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯ ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ. ಮನೆಯ ಬೀಗದ ಕೀಲಿ ಕಿಟಕಿಯ ಮೇಲೆ ಬಿದ್ದಿರುತ್ತಿತ್ತು. ಮೈಕಿನ ಕುತ್ತಿಗೆಯಲ್ಲಿ ಒಂದು ಪುಟ್ಟ ಕೆಂಪು ದೀಪವಿತ್ತು. ದೀಪ ಹೊತ್ತಿದ್ದರೆ ಉಸಿರೆಳೆದದ್ದೂ ಊರಿಗೆ ಕೇಳುತ್ತದೆ, ಆರಿದ್ದರೆ ಕೂಗಿದರೂ ಇಲ್ಲ. ವೇದಿಕೆ ಹತ್ತಿದ ಎಷ್ಟೋ ಮಹನೀಯರು ಆ ದೀಪ ನೋಡದೆ ಹೆಂಡತಿಯನ್ನೋ ಮೇಲಧಿಕಾರಿಯನ್ನೋ ಬೈದು ಕೆಟ್ಟಿದ್ದರು. ಆಣೆರಾಯ ಬಾಯಿ ತೆರೆಯುವ ಮೊದಲು ಪ್ರತಿಸಲವೂ ಆ ದೀಪದ ಕಡೆ ಒಂದು ಕಣ್ಣು ಹಾಯಿಸುತ್ತಿದ್ದ. ಕಸುಬಿನ ಅಭ್ಯಾಸ. ಇನ್ನೊಂದು ಮಾತು: ಮೈಕಿನ ಮುಂದೆ ಅವನು ಯಾವತ್ತೂ ಸುಳ್ಳು ಹೇಳಿದ್ದಿಲ್ಲ. ಇದನ್ನು ಅವನ ಗುಣವೆಂದು ಬರೆದುಕೊಳ್ಳುವ ಅಗತ್ಯವಿಲ್ಲ; ಅಲ್ಲಿ ಸುಳ್ಳಿಗೆ ಅವಕಾಶವಿರಲಿಲ್ಲ ಅಷ್ಟೆ.

ಆ ಊರಿನ ಜನಕ್ಕೆ ಒಂದು ವಿಚಿತ್ರ ರೂಢಿಯಿತ್ತು. ಎದೆಯ ಮೇಲೆ ಕೈಯಿಟ್ಟು ನಿಂತಮೇಲೆ, ಮೈಕಿನಿಂದ ಬಂದದ್ದನ್ನೆಲ್ಲ ಅವರು ತಿರುಗಿ ಹೇಳುತ್ತಿದ್ದರು. ಹೇಳುವವನ ಹಿಂದೆ ಹೇಳಬೇಕು ಎಂದು ಶಾಲೆಯಲ್ಲಿ ಬೆತ್ತ ಹಿಡಿದು ಕಲಿಸಿದ್ದು ಮೂಳೆಗೆ ಇಳಿದಿತ್ತು. ಒಂದು ವರ್ಷ ಆಣೆರಾಯ ನಡುವೆ ಸೀನಿದ, ಮೈದಾನವೂ ಸೀನಿತು. ಇನ್ನೊಂದು ವರ್ಷ "ಹಿಂದಿನ ಸಾಲಿನವರು ಸ್ವಲ್ಪ ಮುಂದೆ ಬನ್ನಿ" ಎಂದ. "ಹಿಂದಿನ ಸಾಲಿನವರು ಸ್ವಲ್ಪ ಮುಂದೆ ಬನ್ನಿ" ಎಂದು ಸಾವಿರ ಕಂಠಗಳು ದೇಶಭಕ್ತಿಯಿಂದ ಮೊಳಗಿದವು. ಒಬ್ಬನೂ ಮುಂದೆ ಬರಲಿಲ್ಲ.

ಪ್ರತಿಜ್ಞೆ ಚಿಕ್ಕದು. "ಈ ನೆಲದ ಮಗುವಾದ ನಾನು, ದೇವರ ಆಣೆಯಾಗಿ ಹೇಳುತ್ತೇನೆ, ನನ್ನ ನಾಡಿಗೆ ಎರಡು ಬಗೆಯುವುದಿಲ್ಲ." ಇಷ್ಟೇ. ಯಾವ ದೇವರು ಎಂದು ಯಾರೂ ಕೇಳಿರಲಿಲ್ಲ. ಊರಿನಲ್ಲಿ ಬೇರೆ ಬೇರೆ ಮತದ ಪ್ರಾರ್ಥನಾ ಮಂದಿರಗಳಿದ್ದವು. ಅದು ತಮ್ಮದೇ ದೇವರು ಎಂದುಕೊಂಡು, ಪಕ್ಕದವನೂ ಕೊನೆಗೆ ದಾರಿಗೆ ಬಂದನಲ್ಲ ಎಂದು ಒಳಗೊಳಗೇ ಹಿಗ್ಗಿ, ಎಲ್ಲರೂ ಸುಮ್ಮನಿದ್ದರು.

ಸುಮ್ಮನಿರದವರು ಹಲ್ಲಿನ ಡಾಕ್ಟರಮ್ಮ ಒಬ್ಬರೇ. ಪುರಭವನದ ಎದುರಿಗೇ ಅವರ ದವಾಖಾನೆ. ಅವರಿಗೆ ದೇವರಲ್ಲಿ ನಂಬಿಕೆಯಿಲ್ಲ, ನಾಡಿನ ಮೇಲೆ ಪ್ರೀತಿಯಿದೆ. ವರ್ಷಾವರ್ಷ ಧ್ವಜದ ದಿನ ಬಂದು ನಿಂತು, ಮೊದಲ ಸಾಲು ಹೇಳಿ, ಎರಡನೆಯದಕ್ಕೆ ತುಟಿ ಬಿಗಿದು, ಮೂರನೆಯದನ್ನು ಮತ್ತೆ ಹೇಳುತ್ತಿದ್ದರು. ಅಕ್ಕಪಕ್ಕದವರು ಈಕೆಗೆ ಹಲ್ಲುನೋವಿರಬೇಕು ಎಂದುಕೊಳ್ಳುತ್ತಿದ್ದರು. ಕೊನೆಗೆ ಡಾಕ್ಟರಮ್ಮ ಬೇಸತ್ತು ಮೇಲಿನವರಿಗೆ ದೂರು ಬರೆದರು: ಮಂದಿರದ ಮಾತು ಮಂದಿರದಲ್ಲಿರಲಿ, ಪುರಭವನದ ಮಾತು ಪುರಭವನದಲ್ಲಿರಲಿ, ಧ್ವಜದ ಕೆಳಗೆ ನನ್ನ ಬಾಯಿಂದ ಬೇರೆಯವರ ದೇವರನ್ನು ಹೇಳಿಸುವುದು ನ್ಯಾಯವಲ್ಲ.

ಮೇಲಿನವರು ಬಹಳ ಯೋಚಿಸಿ ಆಜ್ಞೆ ಕಳಿಸಿದರು. ಈ ಧ್ವಜದ ದಿನದಿಂದ ಪ್ರತಿಜ್ಞೆಯಲ್ಲಿರುವ "ದೇವರ" ಎಂಬ ಪದವನ್ನು ತೆಗೆಯತಕ್ಕದ್ದು. ಅಷ್ಟೇ ತೆಗೆದರು. ದೇವರನ್ನು ತೆಗೆದವರಿಗೆ ಹಿಂದೆ ಉಳಿದ ಆಣೆಯ ಗತಿ ಏನೆಂಬ ಯೋಚನೆ ಹೊಳೆಯಲಿಲ್ಲ. ವಿಭಕ್ತಿಯ ಜ್ಞಾನವಿಲ್ಲದವರು ಧರ್ಮ ಮತ್ತು ರಾಜ್ಯವನ್ನು ಬೇರ್ಪಡಿಸಲು ಹೊರಟರೆ ಹೀಗೆಯೇ ಆಗುತ್ತದೆ. "ಆಣೆಯಾಗಿ ಹೇಳುತ್ತೇನೆ" ಎಂಬುದು ಯಜಮಾನನಿಲ್ಲದ ಎತ್ತಿನ ಹಾಗೆ ವಾಕ್ಯದ ನಡುವೆ ನಿಂತುಕೊಂಡಿತು.

ಹೊಸ ಮುಖ್ಯಾಧಿಕಾರಿ ಮೇಡಂ ಆಣೆರಾಯನನ್ನು ಕೋಣೆಗೆ ಕರೆಸಿದರು. ಚಿಕ್ಕ ವಯಸ್ಸು, ದೊಡ್ಡ ಮೇಜು, ಮೇಜಿನ ಮೇಲೆ ರಕ್ತದೊತ್ತಡದ ಮಾತ್ರೆ.

"ನೋಡಿ, ಈ ಸಲ ಮೇಲಿನ ಸಾಹೇಬ್ರೇ ಬರ್ತಿದಾರೆ. 'ದೇವರ' ಅನ್ನೋದು ನಿಮ್ಮ ಬಾಯಿಂದ ಬರಕೂಡದು. ಬಂತೋ, ಮೈಕು ಜನನ ಮರಣದ ಗುಮಾಸ್ತರಿಗೆ."

ಆಣೆರಾಯ ಸೊಂಟದ ಕೀಲಿಯನ್ನು ಮುಟ್ಟಿ ನೋಡಿಕೊಂಡ. ಜನನ ಮರಣದ ಗುಮಾಸ್ತನ ದನಿ ಸೊಳ್ಳೆಯದು. ಅವನು ಹುಟ್ಟಿನ ಸುದ್ದಿ ಹೇಳಿದರೂ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಅಂಥವನ ಕೈಗೆ ತನ್ನ ಮೈಕು!

"ನಿಮ್ಮಾಣೆ ಮೇಡಂ, ಬರಲ್ಲ."

"ನನ್ನಾಣೆ ಬೇಡ ಮಾರಾಯರೇ, ನನಗೆ ಬಿಪಿ ಇದೆ."

"ಹಾಗಾದ್ರೆ ನನ್ನ ಬಾಮೈದನಾಣೆ."

ಸಂಜೆ ಮನೆಯ ದಾರಿಯಲ್ಲಿ ಹಾಸಿಗೆ ಅಂಗಡಿಯ ಯಜಮಾನರು ತಡೆದರು. ಅವರು ದೊಡ್ಡ ಮಂದಿರದ ಹಿರಿಯರು, ಮೈಯೂ ಅವರ ಸರಕಿನ ಹಾಗೆಯೇ ತುಂಬಿಕೊಂಡಿತ್ತು. ಆಣೆರಾಯನನ್ನು ಒಳಗೆ ಕರೆದು ಅತ್ಯಂತ ಮೆತ್ತನೆಯ ಹಾಸಿಗೆಯ ಮೇಲೆ ಕೂರಿಸಿದರು. ಅವನು ಸೊಂಟದವರೆಗೆ ಹೂತುಹೋದ.

"ಏನಯ್ಯಾ ಇದು ಕೇಳ್ತಿರೋದು? ದೇವರಿಲ್ಲದ ಆಣೆ ಅಂದ್ರೆ ಹತ್ತಿ ಇಲ್ಲದ ಹಾಸಿಗೆ. ಮಲಗಿದ್ರೆ ನೆಲ!"

"ಹೌದು ಯಜಮಾನ್ರೇ."

"ನಾವೇನು ನಮ್ಮ ದೇವರು ಅಂತ ಹೇಳು ಅಂದ್ವಾ? ಬರೀ ದೇವರು. ಎಲ್ಲರಿಗೂ ಆಗೋ ಅಳತೆ."

"ಹೌದು ಯಜಮಾನ್ರೇ."

"ನಮ್ಮವರೆಲ್ಲ ಮುಂದಿನ ಸಾಲಲ್ಲೇ ಇರ್ತೀವಿ. ನೀನು ಹೇಳಿಬಿಡು. ಹೇಳ್ತೀಯ ತಾನೇ?"

ಹಾಸಿಗೆಯಿಂದ ಏಳಬೇಕಾದರೆ ಯಾರಾದರೂ ಕೈಕೊಡಬೇಕಿತ್ತು. "ದೇವರಾಣೆಗೂ," ಎಂದ ಆಣೆರಾಯ, "'ದೇವರ ಆಣೆ' ಅಂತಾನೇ ಹೇಳ್ತೀನಿ." ಯಜಮಾನರು ಕೈಕೊಟ್ಟು ಎಬ್ಬಿಸಿದರು.

ಮರುದಿನ ಅವನ ದವಡೆಹಲ್ಲು ಹಿಡಿದುಕೊಂಡಿತು. ಎರಡು ಕಡೆ ಆಣೆ ಹಾಕಿದ ಬಾಯಿ ಸುಮ್ಮನಿರುತ್ತದೆಯೆ ಎಂದಳು ಹೆಂಡತಿ. ಕೆನ್ನೆಗೆ ಕೈಯಿಟ್ಟುಕೊಂಡು ರಸ್ತೆ ದಾಟಿ ಡಾಕ್ಟರಮ್ಮನ ಕುರ್ಚಿಗೆ ಹೋಗಿ ಬಿದ್ದ. ಅವರು ಅವನ ಬಾಯಿಯೊಳಗೆ ಕನ್ನಡಿ, ಕೊಕ್ಕೆ, ಹತ್ತಿ, ನೀರೆಳೆಯುವ ಕೊಳವೆ ಎಲ್ಲವನ್ನೂ ಇಟ್ಟಮೇಲೆ ಮಾತು ಶುರುಮಾಡಿದರು. ಹಲ್ಲಿನ ಡಾಕ್ಟರುಗಳ ಚರ್ಚೆಯ ಕ್ರಮವೇ ಅದು.

"ನನಗೆ ದೇವರ ಮೇಲೆ ಸಿಟ್ಟಿದೆ ಅಂತ ಊರೆಲ್ಲ ಹೇಳ್ತಿದಾರಂತೆ. ಇಲ್ಲದವರ ಮೇಲೆ ಯಾಕ್ರೀ ಸಿಟ್ಟು ಮಾಡ್ಕೊಳ್ಳಲಿ?"

"ಆಂ."

"ಹಾಸಿಗೆಯವರು ಅವರ ಮಂದಿರದಲ್ಲಿ ಹಗಲೂ ರಾತ್ರಿ ಆಣೆ ಹಾಕ್ಲಿ, ನಾನು ಬೇಡ ಅಂದ್ನಾ? ಪುರಭವನ ಎಲ್ಲರದು. ಅಲ್ಲಿ ಹೇಳೋ ಮಾತು ಎಲ್ಲರ ಬಾಯಿಗೂ ಹೊಂದಬೇಕು. ಒಬ್ಬರಿಗೆ ಅಳತೆ ತಗೊಂಡು ಮಾಡಿದ ಹಲ್ಲುಸೆಟ್ಟು ಇನ್ನೊಬ್ಬರಿಗೆ ಹಾಕಿದ್ರೆ?"

"ಆಆಂ."

"ನೋಡಿ, ನಿಮಗೂ ಒಪ್ಪಿಗೆ." ಡಾಕ್ಟರಮ್ಮ ಸಂತೋಷದಿಂದ ಹಲ್ಲನ್ನು ಕಿತ್ತರು. "ಈ ವರ್ಷ ಮೊದಲನೇ ಸಲ ಪೂರ್ತಿ ಹೇಳೋಣ ಅಂತಿದೀನಿ ಕಣ್ರೀ. ಮಧ್ಯೆ ಬಾಯಿ ಮುಚ್ಕೊಂಡು ನಿಲ್ಲೋದು ಸಾಕಾಗಿದೆ. ನೀವು ಆ ಪದ ಹೇಳಲ್ಲ ತಾನೇ?"

ಆಣೆರಾಯನ ಅರ್ಧ ಮುಖ ಮರಗಟ್ಟಿತ್ತು. ಉಳಿದ ಅರ್ಧದಲ್ಲಿ, "ನನ್ನ ಅಲ್ಲಾಣೆ, ಏಳಲ್ಲ," ಎಂದ.

"ಯಾವ ಹಲ್ಲು? ಈಗ ಕಿತ್ತೆನಲ್ಲ, ಅದಾ?"

ಹೀಗೆ ಮೂರು ಕಡೆ ಮೂರು ಆಣೆ. ಏನು ಮಾಡಿದರೂ ಯಾರದಾದರೂ ಒಂದು ಮುರಿಯಲೇಬೇಕು. ಆಣೆ ಮುರಿಯುವುದು ಆಣೆರಾಯನಿಗೆ ಕಡಲೆ ಮುರಿದಷ್ಟು ಸುಲಭ, ಆ ಚಿಂತೆ ಅವನಿಗಿರಲಿಲ್ಲ. ಅವನ ಚಿಂತೆ ನಾಲಿಗೆಯದು. ಇಷ್ಟು ವರ್ಷ ಒಂದೇ ದಾರಿಯಲ್ಲಿ ನಡೆದ ನಾಲಿಗೆ "ನಾನು" ಎಂದಕೂಡಲೇ "ದೇವರ" ಎನ್ನುತ್ತಿತ್ತು. ನಡುವೆ ಗೋಡೆ ಕಟ್ಟಿದರೂ ಹಾರಿ ಬರುತ್ತಿತ್ತು. ಯಜಮಾನರು ಮುನಿದರೆ ಒಂದು ಹಾಸಿಗೆ ಹೋದೀತು, ಡಾಕ್ಟರಮ್ಮ ಮುನಿದರೆ ಒಂದು ಹಲ್ಲು. ಆ ಪದ ಬಾಯಿಂದ ಹೊರಬಿದ್ದರೆ ಮೈಕೇ ಹೋಗುತ್ತದೆ.

ತಾಲೀಮು ಮನೆಯಲ್ಲಿ ನಡೆಯಿತು. ಹೆಂಡತಿ ಸೌಟು ಹಿಡಿದು ಎದುರಿಗೆ ನಿಂತಳು.

"ಹೇಳಿ."

"ಈ ನೆಲದ ಮಗುವಾದ ನಾನು, ದೇ..."

ಫಟ್.

"ಈ ನೆಲದ ಮಗುವಾದ ನಾನು, ದ್..."

ಫಟ್.

"ಇನ್ನೂ ಏನೂ ಹೇಳೇ ಇಲ್ವಲ್ಲೇ!"

"ಬರ್ತಿತ್ತು. ನನಗೆ ಗೊತ್ತಾಗಲ್ವಾ? ಇನ್ನೊಂದ್ಸಲ."

ಕೆಲವು ದಿನಗಳ ಮೇಲೆ ನಾಲಿಗೆ ಪಳಗಿತು. ಆದರೆ ಅದಕ್ಕೆ ಒಂದು ಬಾಲ ಅಂಟಿಕೊಂಡಿತು. "ನಾನು" ಎಂದಮೇಲೆ ಅವನ ಎಡಭುಜ ತಾನಾಗಿ ಮೇಲೆದ್ದು, ಕುತ್ತಿಗೆ ಒಳಸರಿದು, ಬರಲಿರುವ ಸೌಟಿನಿಂದ ತಪ್ಪಿಸಿಕೊಳ್ಳುತ್ತಿತ್ತು. ಆಮೇಲೆ "ಆಣೆಯಾಗಿ ಹೇಳುತ್ತೇನೆ" ಎಂದು ಹೊರಬರುತ್ತಿತ್ತು. ಹೆಂಡತಿ ಸೌಟು ಕೆಳಗಿಟ್ಟು ಯೋಚನೆಗೆ ಬಿದ್ದಳು.

"ಅಲ್ಲಾ, ಯಾರ ಆಣೆ ಅಂತ ಕೇಳಿದ್ರೆ?"

"ಯಾರೂ ಕೇಳಲ್ಲ ಬಿಡೇ."

"ನಾನು ಕೇಳ್ತಿದೀನಲ್ಲ. ಸಂತೆಯಲ್ಲಿ ತೂಕದವನು ಆಣೆಗೂ ಸರಿಯಾಗಿದೆ ಅಂದ್ರೆ ಯಾರಾಣೆ ಅಂತ ಕೇಳ್ತೀವಿ. ನಾಡಿಗೆ ಕೊಡೋ ಮಾತಿಗೆ ಯಾರಾಣೇನೂ ಇಲ್ವಾ? ಹೀಗೆ ಯಾರದೂ ಅಲ್ಲದ ಆಣೆ ಹಾಕಿದ್ರೆ ಅದು ಯಾರ ತಲೆ ಮೇಲೆ ಹೋಗಿ ಕೂರುತ್ತೆ ಗೊತ್ತಾ?" ಆಕೆ ತನ್ನ ಎಡಗಣತಲೆಯನ್ನು ಮುಟ್ಟಿಕೊಂಡಳು.

ಆಣೆರಾಯ ನಕ್ಕ. ಆದರೆ ಆ ಪ್ರಶ್ನೆ ಹಲ್ಲು ಕಿತ್ತ ಸಂದಿಯಲ್ಲಿ ಕೂತುಕೊಂಡಿತು, ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಹೊತ್ತು ಮುಳುಗುವವರೆಗೆ ಆಣೆಯ ಮೇಲೆ ಆಣೆ ಹಾಕುವವನು, ಯಾರಾಣೆ ಎಂಬ ಮಾತಿಗೆ ಅದುವರೆಗೆ ಒಮ್ಮೆಯೂ ತಡವರಿಸಿರಲಿಲ್ಲ. ಎದುರಿಗೆ ಯಾರು ಕಾಣುತ್ತಾರೋ ಅವರದು. ಈಗ ಎದುರಿಗೆ ಯಾರೂ ಇಲ್ಲ.

ಧ್ವಜದ ದಿನ ಬಂತು. ಪುರಭವನದ ಮುಂದಿನ ಮೈದಾನ ತುಂಬಿತ್ತು. ಮಹಡಿಯ ಮೇಲಿನಿಂದ ಶಾಲೆಯವರು ಬಣ್ಣದ ಕಾಗದದ ಚೂರುಗಳನ್ನು ಸುರಿಯುತ್ತಿದ್ದರು. ಅವು ಗಣ್ಯರ ಬೋಳುತಲೆ, ಸಾಮಾನ್ಯರ ಕೂದಲು ಎಂಬ ಭೇದವಿಲ್ಲದೆ ಅಂಟಿಕೊಳ್ಳುತ್ತಿದ್ದವು. ಮುಂದಿನ ಸಾಲಿನಲ್ಲಿ ಹಾಸಿಗೆ ಅಂಗಡಿಯ ಯಜಮಾನರು ಮಂದಿರದವರ ಸಮೇತ ಎದೆಯುಬ್ಬಿಸಿ ನಿಂತಿದ್ದರು. ಹಿಂದೆ, ತಮ್ಮ ದವಾಖಾನೆಯ ಮೆಟ್ಟಿಲ ಬಳಿ, ಡಾಕ್ಟರಮ್ಮ ಶುಭ್ರವಾದ ಬಿಳಿ ಕೋಟು ತೊಟ್ಟು ನಿಂತಿದ್ದರು. ವೇದಿಕೆಯ ಮೇಲೆ ಮೇಲಿನ ಸಾಹೇಬರು, ಅವರ ಪಕ್ಕದಲ್ಲಿ ನಗುವನ್ನು ಮುಖಕ್ಕೆ ಮೊಳೆ ಹೊಡೆದು ನಿಲ್ಲಿಸಿದಂತಿದ್ದ ಮೇಡಂ. ವೇದಿಕೆಯ ಬದಿಯಲ್ಲಿ, ನೌಕರರ ಮನೆಯವರ ಜಾಗದಲ್ಲಿ ಹೆಂಡತಿ. ಸೌಟು ತಂದಿರಲಿಲ್ಲ. ಆದರೆ ಕೈಯಲ್ಲಿ ಛತ್ರಿಯಿತ್ತು.

ಧ್ವಜ ಏರಿತು. ಎಲ್ಲರೂ ಎದೆಯ ಮೇಲೆ ಕೈಯಿಟ್ಟರು. ಆಣೆರಾಯ ದೀಪ ನೋಡಿದ. ಹೊತ್ತಿತ್ತು.

"ಈ ನೆಲದ ಮಗುವಾದ ನಾನು," ಎಂದ. ದನಿ ಗಂಟೆಯ ಹಾಗಿತ್ತು.

"ಈ ನೆಲದ ಮಗುವಾದ ನಾನು," ಎಂದಿತು ಮೈದಾನ.

ಎಡಭುಜ ಮೇಲೆದ್ದಿತು, ಕುತ್ತಿಗೆ ಒಳಸರಿಯಿತು. ಎದುರಿಗೆ ಯಜಮಾನರು ದನಿಯಿಲ್ಲದೆ ಬಾಯಗಲಿಸಿ "ದೇ... ದೇ..." ಎನ್ನುತ್ತಿದ್ದರು. ದೂರದಲ್ಲಿ ಡಾಕ್ಟರಮ್ಮ ತಮ್ಮ ಮುಂದಿನ ಹಲ್ಲನ್ನು ಬೆರಳಿನಿಂದ ತಟ್ಟಿ ಜ್ಞಾಪಿಸುತ್ತಿದ್ದರು. ಹಿಂದಿನಿಂದ ಮೇಡಂ ಕೆಮ್ಮಿದರು. ಇಷ್ಟೂ ಜನರ ಮುಂದೆ ನಾಲಿಗೆ ಮಾತ್ರ ವಿಧೇಯವಾಗಿ ನಿಂತಿತ್ತು. "ದೇವರ" ಎನ್ನುವ ತವಕವೇ ಅದಕ್ಕಿರಲಿಲ್ಲ. ಮುಂದಿನ ಪದವೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆಣೆಯಾಗಿ. ಹೇಳಿಬಿಟ್ಟರೆ ಮುಗಿಯಿತು. ಸಂದಿಯಲ್ಲಿ ಕೂತಿದ್ದ ಪ್ರಶ್ನೆ ಆಗ ಅಲ್ಲಾಡಿತು. ಆಣೆರಾಯ ಮತ್ತೊಮ್ಮೆ ದೀಪದ ಕಡೆ ನೋಡಿದ. ಕೆಂಪಗೆ ಉರಿಯುತ್ತಿತ್ತು.

"ಅಯ್ಯೋ," ಎಂದ ಅವನು. "ಯಾರ ಆಣೆ ಹಾಕಲಪ್ಪಾ?"

"ಅಯ್ಯೋ, ಯಾರ ಆಣೆ ಹಾಕಲಪ್ಪಾ?" ಎಂದಿತು ಮೈದಾನ.

ಅದು ಸಣ್ಣ ದನಿಯಲ್ಲ. ಅಂಗಡಿಯವರು, ಶಾಲೆಯವರು, ಸೊಳ್ಳೆದನಿಯ ಗುಮಾಸ್ತ, ಎಲ್ಲರೂ ಎದೆ ಮುಟ್ಟಿಕೊಂಡು, ಧ್ವಜವನ್ನು ದಿಟ್ಟಿಸುತ್ತಾ, ತುಂಬು ಗಂಟಲಿನಲ್ಲಿ ಕೇಳಿದರು. ಯಜಮಾನರೂ ಕೇಳಿದರು, "ದೇ" ಎಂದು ತೆರೆದಿದ್ದ ಬಾಯಿಂದಲೇ ಹೊರಬಂತು. ಡಾಕ್ಟರಮ್ಮ ಮೊದಲ ಸಲ ಒಂದು ಪದವನ್ನೂ ಬಿಡದೆ ಹೇಳಿದರು. ಮೇಲಿನ ಸಾಹೇಬರು "ಹಾಕಲಪ್ಪಾ" ಎನ್ನುವಾಗ ಅವರ ಕಣ್ಣಂಚು ಒದ್ದೆಯಾಗಿತ್ತು. ಪ್ರತಿಜ್ಞೆಯ ಹೊಸ ಪಾಠ ಹೀಗೇ ಇರಬೇಕು ಎಂದುಕೊಂಡಿದ್ದರು ಪಾಪ.

ಆಣೆರಾಯ ಬೆಚ್ಚಿದ. "ಅಯ್ಯಯ್ಯೋ, ಇದನ್ನ ಹೇಳಬೇಡಿ!"

"ಅಯ್ಯಯ್ಯೋ, ಇದನ್ನ ಹೇಳಬೇಡಿ!"

"ತಡೀರಿ, ತಡೀರಿ!"

"ತಡೀರಿ, ತಡೀರಿ!"

ಹೆಂಡತಿ ಬದಿಯಿಂದ ಛತ್ರಿಯ ತುದಿಯಲ್ಲಿ ಅವನ ಹಿಮ್ಮಡಿಗೆ ತಿವಿದಳು. ಅವನು ಎಗರಿ, ಬಾಯಿಗೆ ಬಂದ ಕೊನೆಯ ಸಾಲನ್ನು ಎಸೆದುಬಿಟ್ಟ. "ನನ್ನ ನಾಡಿಗೆ ಎರಡು ಬಗೆಯುವುದಿಲ್ಲ!" ಮೈದಾನ ಅದನ್ನೂ ಹೇಳಿತು. ಚಪ್ಪಾಳೆ ಬಿತ್ತು, ಕಾಗದದ ಚೂರುಗಳು ಉದುರಿದವು. ಇಂಥ ಪ್ರತಿಜ್ಞೆ ಈಚೆಗೆ ಕೇಳಿರಲಿಲ್ಲ ಎಂದು ಎಷ್ಟೋ ಜನ ಹೇಳಿಕೊಂಡು ಮನೆಗೆ ಹೋದರು.

ಸಾಹೇಬರಿಗೆ ಸತ್ಯ ಗೊತ್ತಾದದ್ದು ಕಾಫಿ ಕುಡಿಯುವಾಗ. ಲೋಟ ಕೆಳಗಿಟ್ಟು, ಮೇಡಂ ಕಿವಿಯಲ್ಲಿ ಏನೋ ಹೇಳಿ, ಕಾರು ಹತ್ತಿದರು. ಮೇಡಂ ನೇರವಾಗಿ ವೇದಿಕೆಯ ಹಿಂದಿನ ಕೋಣೆಗೆ ಬಂದರು. ಮಡಚಿದ ಕುರ್ಚಿಗಳ ನಡುವೆ ಆಣೆರಾಯ ಮೈಕನ್ನು ಕರವಸ್ತ್ರದಿಂದ ಒರೆಸುತ್ತಿದ್ದ. ಹೆಂಡತಿ ಪಕ್ಕದಲ್ಲಿದ್ದಳು. ಯಜಮಾನರೂ ಡಾಕ್ಟರಮ್ಮನೂ ತಂತಮ್ಮ ಆಣೆಯ ಬಾಕಿ ವಸೂಲಿಗೆಂದು ಬಾಗಿಲಲ್ಲಿ ನಿಂತಿದ್ದರು.

"ದೇವರ ಹೆಸರನ್ನೂ ಹೇಳಲಿಲ್ಲವಲ್ಲಯ್ಯಾ!" ಎಂದರು ಯಜಮಾನರು.

"ಪ್ರತಿಜ್ಞೆಯನ್ನೂ ಹೇಳಲಿಲ್ಲ," ಎಂದರು ಡಾಕ್ಟರಮ್ಮ. "ಆದ್ರೆ ಪ್ರಶ್ನೆ ಸರಿಯಾಗಿತ್ತು."

"ನೀವಿಬ್ರೂ ಸ್ವಲ್ಪ ಸುಮ್ನಿರಿ," ಎಂದು ಮೇಡಂ ಆಣೆರಾಯನ ಕಡೆ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ಬೇಕಂತ ಹೇಳಿದ್ರೆ ಅದು ಪ್ರತಿಜ್ಞೆಗೆ ಅವಮಾನ, ಮೈಕು ಇವತ್ತೇ ಬಿಡಬೇಕಾಗುತ್ತೆ. ಬಾಯಿ ತಪ್ಪಿ ಬಂದಿದ್ರೆ ಏನೂ ಇಲ್ಲ, ಯಾರಿಗೂ ತಪ್ಪುತ್ತೆ ಅಂತ ಸಾಹೇಬ್ರೇ ಹೇಳಿದಾರೆ. ಮಧ್ಯೆ ಮೈಕು ಆಫ್ ಆಯ್ತು ಅಂದ್ಕೊಂಡೆ, ಬಾಯಿ ತಪ್ತು ಅಂತ ನಮ್ಮೆಲ್ಲರ ಮುಂದೆ ಆಣೆ ಮಾಡಿ ಹೇಳಿಬಿಡಿ. ಸಾಕು."

"ಯಾರ ಆಣೆ, ಮೇಡಂ?"

"ಯಾರದಾದ್ರೂ ಸರಿ! ನಿಮ್ಮ ಬಾಮೈದನದೇ ಮಾಡಿ!"

ಇದು ಆಣೆರಾಯನ ಪಾಲಿಗೆ ಹಣ್ಣು ಸುಲಿದು ಬಾಯಿಗಿಟ್ಟಂತೆ. ಎಂಥೆಂಥ ಸುಳ್ಳುಗಳಿಗೆ ಎಂಥೆಂಥವರ ಆಣೆ ಹಾಕಿದವನು. ಅವನು ಬಾಯಿ ತೆರೆದ. ಏನೂ ಬರಲಿಲ್ಲ. ಮತ್ತೆ ಮುಚ್ಚಿದ.

"ಇವರಿಗೇನಾಗಿದೆ ಇವತ್ತು?" ಹೆಂಡತಿಗೆ ಗಾಬರಿಯಾಯಿತು. ಗಂಡನ ಕೈಯಲ್ಲಿದ್ದ ಮೈಕನ್ನು ನೋಡಿದಳು, ಬಾಗಿಲ ಹಿಂದೆ ಕತ್ತು ಚಾಚಿದ್ದ ಗುಮಾಸ್ತನನ್ನು ನೋಡಿದಳು. ಆಮೇಲೆ ಛತ್ರಿಯನ್ನು ಗೋಡೆಗೆ ಒರಗಿಸಿ, ಕನ್ನಡಕ ತೆಗೆದು, ಗಂಡನ ಮುಂದೆ ಬಂದು ತಲೆ ಬಗ್ಗಿಸಿ ನಿಂತಳು. ಎಡಗಡೆಯನ್ನೇ ಅವನ ಕಡೆ ತಿರುಗಿಸಿದ್ದಳು.

"ಇಡ್ರೀ ಕೈ," ಎಂದಳು. "ನಲ್ಲಿಗೂ ಬಾಗಿಲ ಚಿಲಕಕ್ಕೂ ಇಟ್ರಿ, ಇವತ್ತು ಮೈಕಿಗೆ ಇಡೋಕೇನು ಧಾಡಿ? ಹೆಚ್ಚಂದ್ರೆ ಒಂದು ದಿನ ಮಲಗ್ತೀನಿ. ಬೇಗ ಇಡಿ, ಕತ್ತು ನೋಯ್ತಿದೆ."

ಆಣೆರಾಯ ಕೈಯೆತ್ತಿದ. ಅವಳ ಬೈತಲೆಯ ಪಕ್ಕದಲ್ಲಿ, ನರೆತ ಕೂದಲಿನ ನಡುವೆ, ಕೆಂಪು ಕಾಗದದ ಒಂದು ಚೂರು ಸಿಕ್ಕಿಕೊಂಡಿತ್ತು. ಅವನು ತಲೆಯನ್ನು ಮುಟ್ಟದ ಹಾಗೆ, ಎರಡೇ ಬೆರಳಿನಿಂದ ಅದನ್ನು ಬಿಡಿಸಿ ತೆಗೆದು ಜೇಬಿಗೆ ಹಾಕಿಕೊಂಡ.

"ದೀಪ ಉರೀತಿತ್ತು ಮೇಡಂ," ಎಂದ. "ನೋಡಿದ್ದೆ."

ಆಮೇಲೆ ಮೈಕನ್ನು ಕರವಸ್ತ್ರದಲ್ಲಿ ಸುತ್ತಿ ಅವರ ಕೈಗೆ ಕೊಟ್ಟು, ಡಬ್ಬಿಯ ಕೀಲಿಗಾಗಿ ಸೊಂಟದ ಗಂಟನ್ನು ಬಿಚ್ಚತೊಡಗಿದ.